ನೋಡಿದವರು ಹೇಳಬೇಕು

ಡಿಸೆಂಬರ್ 2, ಮಂಗಳವಾರ

ಔಷಧಿ ಕಂಪನಿಯವರು ವರ್ಷದ ಮೊದಲಲ್ಲಿ ಹಂಚಿದ ಡೈರಿ ಬಟ್ಟೆ ಕೋಣೆಯ ಕಪಾಟಿನಲ್ಲಿ ಸಿಕ್ಕಿತು. ಹನ್ನೊಂದು ತಿಂಗಳು ಖಾಲಿ. ಬಿಸಾಕಲು ಮನಸ್ಸು ಬರಲಿಲ್ಲ. ಡಿಸೆಂಬರಿನ ಹಾಳೆಗಳಾದರೂ ಉಪಯೋಗಕ್ಕೆ ಬರಲಿ ಎಂದು ಮನೆಗೆ ತಂದೆ. ಓದುವವರು ಯಾರೂ ಇಲ್ಲ, ತಪ್ಪು ಬರೆದರೂ ನಡೆಯುತ್ತದೆ.

ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದೆ. ಜೂನ್ ತಿಂಗಳಿಂದ ಬಟ್ಟೆ ಕೋಣೆ. ನಾನೇ ಕೇಳಿ ಹಾಕಿಸಿಕೊಂಡದ್ದು. ನೆಲಮಾಳಿಗೆಯಲ್ಲಿದೆ, ಮಕ್ಕಳ ಅಳು ಅಲ್ಲಿಗೆ ಕೇಳಿಸುವುದಿಲ್ಲ. ಕಾರಣ ಬರೆಯಬೇಕೆಂದರೆ ಇಷ್ಟೇ. ಮಗಳ ಹೆರಿಗೆ ನಮ್ಮ ವಾರ್ಡಿನಲ್ಲೇ ಆಯಿತು. ಗಂಡು. ಉಸಿರಾಡಲಿಲ್ಲ. ಅದನ್ನು ಸುತ್ತಿ ಹೊರಗೆ ತೆಗೆದುಕೊಂಡು ಹೋದವಳು ನಾನು.

ಮಗಳು ನನ್ನ ಜೊತೆ ಮಾತು ಬಿಟ್ಟಿಲ್ಲ. ಫೋನ್ ಮಾಡಿದರೆ ಎತ್ತುತ್ತಾಳೆ.

"ಊಟ ಆಯ್ತಾ?"

"ಆಯ್ತು."

"ಹುಷಾರಾಗಿದ್ದೀಯಾ?"

"ಹೂಂ."

ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಬಟ್ಟೆ ಒಣಗಿಸುವ ಮಷೀನು ಒಂದು ಕೆಟ್ಟಿದೆ. ಹಾಸಿಗೆ ಬಟ್ಟೆಗಳೆಲ್ಲ ಅರ್ಧ ಹಸಿ.

ಡಿಸೆಂಬರ್ 5, ಶುಕ್ರವಾರ

ಕೆಲಸ ಮುಗಿಸಿ ಬಂದಾಗ ನಮ್ಮ ಚರ್ಚಿನ ಸಂಡೇ ಸ್ಕೂಲಿನ ಟೀಚರ್ ಬಾಗಿಲಲ್ಲಿ ಕೂತಿದ್ದಳು. ಕ್ರಿಸ್ಮಸ್ ನಾಟಕದ ವಿಷಯ.

"ಅಕ್ಕ, ಒಂದು ಸಣ್ಣ ಉಪಕಾರ. ಮರಿಯಳ ಪಾರ್ಟು ಮಾಡೋ ಹುಡುಗಿಗೆ ಮಗು ಸುತ್ತೋದು ಕಲಿಸಿಕೊಡ್ಬೇಕು."

"ಗೊಂಬೆ ತಾನೆ? ಹೇಗೆ ಸುತ್ತಿದ್ರೂ ಆಗುತ್ತೆ."

"ಹೋದ ವರ್ಷ ನೆನಪಿಲ್ವಾ? ಎಲ್ಲರ ಮುಂದೆ ಬಿಚ್ಕೊಂಡು ತಲೆಕೆಳಗಾಗಿ ಬಿತ್ತು. ಯೋಸೇಫ ಒಂದು ಕಾಲು ಹಿಡ್ಕೊಂಡು ಎತ್ತಿದ. ಜನ ನಕ್ಕಿದ್ದನ್ನ ಸಭಾಪಾಲಕರು ಇನ್ನೂ ಮರೆತಿಲ್ಲ."

ಆಗಲ್ಲ ಎಂದು ಹೇಳುವಷ್ಟರಲ್ಲಿ ಅವಳು ಚಪ್ಪಲಿ ಹಾಕಿಕೊಂಡಾಗಿತ್ತು. ಮುಂದಿನ ಶನಿವಾರ ನಾಲ್ಕು ಗಂಟೆಗೆ ಅಂತೆ.

ಡಿಸೆಂಬರ್ 7, ಭಾನುವಾರ

ಚರ್ಚಿಗೆ ಹೋಗಿದ್ದೆ. ಹೋಗದಿದ್ದರೆ ನನ್ನ ಜಾಗ ಖಾಲಿ ಕಾಣುತ್ತದೆ, ಜನ ಮನೆಗೆ ಬಂದು ವಿಚಾರಿಸುತ್ತಾರೆ. ಹೋಗುವುದೇ ಸುಲಭ. ಸಭಾಪಾಲಕರು ದೇವದೂತ ಮರಿಯಳ ಬಳಿಗೆ ಬಂದ ಕಥೆ ಹೇಳಿದರು. ಹೆದರಬೇಡ ಎಂದನಂತೆ. ಹೇಳಿ ಹೋಗುವವರಿಗೇನು. ಪ್ರಾರ್ಥನೆಗೆ ಮೊಣಕಾಲೂರಿದೆ. ಸೊಂಟ ಹಿಡಿಯಿತು. ಎದ್ದು ಕೂತೆ.

ಅಳಿಯ ಒಬ್ಬನೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಲಿಫ್ಟ್ ರಿಪೇರಿ ಕೆಲಸ ಅವನದು, ಭಾನುವಾರವೂ ಉಗುರಿನಲ್ಲಿ ಗ್ರೀಸು ಇರುತ್ತದೆ. "ಅವಳು ಚೆನ್ನಾಗಿದಾಳೆ ಅತ್ತೆ," ಅಂದ. ನಾನು ಕೇಳಿರಲಿಲ್ಲ.

ಡಿಸೆಂಬರ್ 13, ಶನಿವಾರ

ಕಲಿಸಿಕೊಟ್ಟು ಬಂದೆ. ತಲೆನೋವು. ಬೇಗ ಮಲಗುತ್ತೇನೆ.

ಡಿಸೆಂಬರ್ 14, ಭಾನುವಾರ

ನಿನ್ನೆ ಬರೆಯಲಿಲ್ಲ. ಇವತ್ತು ಚರ್ಚಿನಿಂದ ಬಂದು ಚಹಾ ಮಾಡಿಕೊಂಡು ಕೂತಿದ್ದೇನೆ.

ಚರ್ಚಿನ ಪಕ್ಕದ ಹಾಲಿನಲ್ಲಿ ಹದಿನೈದು ಮಕ್ಕಳಿದ್ದರು. ಮರಿಯಳ ಪಾರ್ಟಿನವಳು ಪೋಸ್ಟ್‌ಮ್ಯಾನಿನ ಮಗಳು, ಏಳು ವರ್ಷ, ಮುಂದಿನ ಎರಡು ಹಲ್ಲಿಲ್ಲ. ಹಲ್ಲಿಲ್ಲದ ಬಾಯಿಂದ ಎಷ್ಟು ಪ್ರಶ್ನೆ ಬರಬಹುದು ಎಂದು ನೋಡಬೇಕಾದರೆ ಅವಳ ಪಕ್ಕ ಅರ್ಧ ಗಂಟೆ ಕೂರಬೇಕು. ನಾನು ಟವೆಲು ಹಾಸುತ್ತಿದ್ದಾಗಲೇ ಶುರು.

"ಅಜ್ಜಿ, ನೀವು ಆಸ್ಪತ್ರೇಲಿ ನಿಜವಾದ ಮಕ್ಕಳನ್ನ ಹಿಡ್ಕೋತೀರಂತೆ?"

"ಹಿಡ್ಕೋತಿದ್ದೆ."

"ಮರಿಯಳ ಹತ್ರ ನಿಮ್ಮಂಥ ಅಜ್ಜಿ ಇರ್ಲಿಲ್ವಾ?"

"ಇಲ್ಲ. ಯೋಸೇಫ ಇದ್ದನಲ್ಲ."

"ಯೋಸೇಫಂಗೆ ಏನ್ ಗೊತ್ತು?" ಯೋಸೇಫನ ಪಾರ್ಟಿನವನು ಅಲ್ಲೇ ನಿಂತು ದಾರದಿಂದ ಕಟ್ಟಿದ ಗಡ್ಡ ಎಳೆದುಕೊಳ್ಳುತ್ತಿದ್ದ. ಅವನೂ ತನಗೇನೂ ಗೊತ್ತಿಲ್ಲ ಎಂದು ಒಪ್ಪಿಕೊಂಡ. "ಮತ್ತೆ ಬಿಸಿನೀರು ಯಾರು ಕಾಯಿಸಿದ್ರು? ಟವೆಲು ಯಾರು ಕೊಟ್ರು? ಅವಳ ಕೈ ಯಾರು ಹಿಡ್ಕೊಂಡಿದ್ರು?"

ಗೊತ್ತಿಲ್ಲ ಪುಟ್ಟಿ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ. ಐವತ್ತು ವರ್ಷದಿಂದ ಕೇಳಿದ ಕಥೆ, ಇಪ್ಪತ್ತೆರಡು ವರ್ಷ ಅದೇ ಕೆಲಸ. ಒಂದಕ್ಕೊಂದು ಸೇರಿಸಿ ನೋಡಿಯೇ ಇರಲಿಲ್ಲ.

ಆಮೇಲೆ ನಡೆದದ್ದನ್ನು ಬರೆಯಬೇಕು.

ಮಗುವನ್ನು ಸುತ್ತುವುದಕ್ಕೆ ನಮ್ಮ ವಾರ್ಡಿನಲ್ಲಿ ಎರಡು ರೀತಿ. ಬಟ್ಟೆಯನ್ನು ಒಂದು ಮೂಲೆ ತಲೆಯ ಕಡೆ ಬರುವಂತೆ ಹಾಸಬೇಕು. ಎಡದ ಮೂಲೆ ಎಳೆದು ಬೆನ್ನಡಿ ಸಿಕ್ಕಿಸುವುದು, ಕಾಲಿನ ಮೂಲೆ ಮೇಲಕ್ಕೆ, ಬಲದ ಮೂಲೆ ಅದರ ಮೇಲೆ. ಮೇಲಿನ ಮೂಲೆ ತಲೆಯ ಹಿಂದೆ ಹಾಗೇ ಬಿಡಬೇಕು. ಮುಖ ಕಾಣುತ್ತಿರಬೇಕು. ಇದು ಬದುಕಿದ ಮಕ್ಕಳಿಗೆ. ಇನ್ನೊಂದು ರೀತಿಯಲ್ಲಿ ಆ ಮೇಲಿನ ಮೂಲೆಯನ್ನೂ ಮುಖದ ಮೇಲೆ ಎಳೆದು ಎದೆಯ ಹತ್ತಿರ ಸಿಕ್ಕಿಸುತ್ತೇವೆ. ಯಾವುದು ಯಾವಾಗ ಎಂದು ಕೈಗೇ ಗೊತ್ತಿರುತ್ತದೆ, ತಲೆ ಬೇಕಾಗಿಲ್ಲ.

ನಿನ್ನೆ ಗೊಂಬೆಯನ್ನು ಮಲಗಿಸಿ, ಹೀಗೆ, ಹೀಗೆ, ಎಂದು ಮಕ್ಕಳಿಗೆ ತೋರಿಸುತ್ತಾ ಸುತ್ತಿದೆ. ನಾಲ್ಕನೇ ಮೂಲೆಯನ್ನೂ ಎಳೆದು ಸಿಕ್ಕಿಸಿ ಎರಡೂ ಕೈಯಲ್ಲಿ ಎತ್ತಿ ಕೊಟ್ಟೆ.

ಅವಳು ತೆಗೆದುಕೊಳ್ಳಲಿಲ್ಲ. "ಅಜ್ಜಿ, ಮುಖ ಮುಚ್ಚಿಬಿಟ್ರಿ. ಉಸಿರಾಡೋದು ಹೇಗೆ?"

ಕೈ ಹಾಗೇ ನಿಂತಿತು. ಟೀಚರಿಗೆ ಜೂನ್ ತಿಂಗಳ ವಿಷಯ ಗೊತ್ತು. ಅವಳು ಸುಮ್ಮನೆ ಕುರ್ಚಿ ಸರಿಸುವುದಕ್ಕೆ ಹೋದಳು. ಹುಡುಗಿ ಒಂದು ಬೆರಳಿನಿಂದ ಬಟ್ಟೆ ಕೆಳಗೆ ಸರಿಸಿ ಗೊಂಬೆಯ ಮುಖ ನೋಡಿದಳು. "ಹಾಂ, ಇದಾನೆ," ಅಂದಳು. ನನ್ನನ್ನು ಸಮಾಧಾನ ಮಾಡುವವಳ ಹಾಗೆ.

"ತಪ್ಪಾಯ್ತು," ಅಂದೆ. ಇನ್ನೊಂದು ಸಲ ಸುತ್ತಿ ತೋರಿಸಿದೆ.

ಜೂನ್‌ನಲ್ಲಿ ಮಾಡಿದ್ದೂ ಅದನ್ನೇ. ಡಾಕ್ಟರ್ ಇಲ್ಲ ಎಂದು ತಲೆಯಾಡಿಸಿದರು. ಮಗಳು ಇಂಜೆಕ್ಷನ್ನಿನ ಮಂಪರಿನಲ್ಲಿ "ಯಾಕೆ ಅಳ್ತಾ ಇಲ್ಲ, ಅಮ್ಮ, ಯಾಕೆ ಅಳ್ತಾ ಇಲ್ಲ" ಎಂದು ಕೇಳುತ್ತಿದ್ದಳು. ನಾನು ಸುತ್ತಿ, ನಾಲ್ಕನೇ ಮೂಲೆ ಎಳೆದು, ಹೊರಗೆ ತೆಗೆದುಕೊಂಡು ಹೋದೆ. ನಾನು ಕೆಲಸಕ್ಕೆ ಸೇರಿದಾಗ ಇದ್ದ ಹಳೇ ಸಿಸ್ಟರ್ ಕಲಿಸಿದ್ದು, ತಾಯಿಗೆ ತೋರಿಸಬಾರದು, ನೋಡಿದರೆ ಮರೆಯುವುದಿಲ್ಲ ಎಂದು. ಅಳಿಯ ಕೆಳಗೆ ಕಾಗದಕ್ಕೆ ಸಹಿ ಹಾಕುತ್ತಿದ್ದ. ಅವನ ಕೈಗೆ ಸಿಕ್ಕಿದ್ದು ಮುಚ್ಚಿದ ಪೆಟ್ಟಿಗೆ.

ನಾಲ್ಕನೇ ದಿನ ಮಗಳು ಕೇಳಿದಳು. "ಅಮ್ಮ, ಮಗು ಹೇಗಿತ್ತು?"

"ಅದೆಲ್ಲ ಈಗ ಯಾಕೆ? ಮಲಗು," ಅಂದೆ.

ಮತ್ತೆ ಅವಳು ಕೇಳಲಿಲ್ಲ. ಏನನ್ನೂ ಕೇಳಲಿಲ್ಲ.

ಡಿಸೆಂಬರ್ 17, ಬುಧವಾರ

ಮಧ್ಯಾಹ್ನ ಹೆರಿಗೆ ವಾರ್ಡಿನ ಹೆಡ್ ಸಿಸ್ಟರ್ ಊಟದ ಕೋಣೆಯಲ್ಲಿ ಸಿಕ್ಕರು. ಮೂರು ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ.

"ಸಿಸ್ಟರ್, ಒಬ್ಬಳು ಹುಡುಗಿ, ಚೊಚ್ಚಲು, ದನದ ಕೊಟ್ಟಿಗೇಲಿ ಹೆರಿಗೆ. ಜೊತೆಗೆ ಹೆಂಗಸರು ಯಾರೂ ಇಲ್ಲ. ಹೊಕ್ಕುಳಬಳ್ಳಿ ಯಾವುದರಲ್ಲಿ ಕತ್ತರಿಸಿರ್ತಾರೆ?"

ಅವರು ಚಮಚ ಕೆಳಗಿಟ್ಟರು. "ಯಾರದು? ಈಗ ಎಲ್ಲಿದಾಳೆ? ಯಾವ ಬೆಡ್ಡು?"

"ಮರಿಯಳು, ಸಿಸ್ಟರ್."

ಬೈಯುತ್ತಾರೆ ಅಂದುಕೊಂಡೆ. ಅವರು ಮತ್ತೆ ಚಮಚ ಎತ್ತಿಕೊಂಡು ಯೋಚನೆ ಮಾಡುತ್ತಾ, "ಗಂಡ ಬಡಗಿ ಅಲ್ವಾ, ಚೂಪಾದ್ದು ಏನಾದ್ರೂ ಇಟ್ಕೊಂಡಿರ್ತಾನೆ. ಬೆಂಕಿ ತೋರಿಸಿದ್ರೆ ಸಾಕು," ಅಂದರು. ಆಮೇಲೆ, "ಆ ಕೊಟ್ಟಿಗೆ ನೆನೆಸ್ಕೊಂಡ್ರೆ ಮೈ ಜುಂ ಅನ್ನುತ್ತೆ ಆಯಮ್ಮ. ಸಗಣಿ ಮಧ್ಯೆ. ಇಬ್ಬರೂ ಉಳಿದಿದ್ದೇ ಪವಾಡ," ಅಂದರು.

ಹೌದು. ನಕ್ಷತ್ರ, ದೂತರು ಎಲ್ಲ ಇರಲಿ. ಆ ತಾಯಿ ಮಗು ಇಬ್ಬರೂ ಬೆಳಿಗ್ಗೆ ಜೀವಂತ ಇದ್ದರು ಎನ್ನುವುದನ್ನು ನಾನು ಯಾವತ್ತೂ ದೊಡ್ಡದು ಎಂದುಕೊಂಡಿರಲಿಲ್ಲ.

ಏಳುವಾಗ ಸಿಸ್ಟರ್ ಅಂದರು, "ನೀವು ವಾರ್ಡಿಗೆ ವಾಪಸ್ ಬರೋದಾದ್ರೆ ಜಾಗ ಇದೆ. ಈಗ ನಾವು ತಾಯಂದಿರನ್ನ ಕೇಳ್ತೀವಿ, ಮಗೂನ ನೋಡ್ತೀರಾ ಅಂತ. ಆವತ್ತೂ ಕೇಳೋಣ ಅಂತ ತಿರುಗಿದೆ. ನೀವು ಆಗಲೇ ಹೊರಟುಹೋಗಿದ್ರಿ."

ತಟ್ಟೆ ತೊಳೆಯುವಲ್ಲಿ ಬಹಳ ಹೊತ್ತು ನಿಂತಿದ್ದೆ. ಒಂದೇ ತಟ್ಟೆ.

ಬಸ್ಸಿನಲ್ಲಿ ನಮ್ಮ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋದೆ. ಕೊಟ್ಟಿಗೆಯ ಆ ಹುಡುಗಿಗೆ ಎದೆಹಾಲು ಯಾವಾಗ ಬಂದಿರಬಹುದು ಎಂದು ಯೋಚಿಸುತ್ತಿದ್ದೆ. ಚೊಚ್ಚಲಿಗೆ ಮೂರನೇ ದಿನ. ಅಲ್ಲಿಯವರೆಗೆ ಮಗು ಎಷ್ಟು ಅತ್ತಿತೋ. ಜಗತ್ತನ್ನು ಕಾಯುವವನು ಹಸಿದುಕೊಂಡು.

ಡಿಸೆಂಬರ್ 20, ಶನಿವಾರ

ಇವತ್ತು ಯಾರೂ ಕರೆದಿರಲಿಲ್ಲ. ಚರ್ಚಿನ ಹಾಲಿನ ಮುಂದೆ ಹಾದು ಹೋಗುತ್ತಿದ್ದೆ, ಒಳಗೆ ಹೋದೆ. ಹಾದು ಹೋಗುವುದಕ್ಕೆ ಆ ರಸ್ತೆಯೇನೂ ನನ್ನ ದಾರಿಯಲ್ಲ.

ಕುರಿಯಾಗಿರುವ ನಾಲ್ಕು ವರ್ಷದವನು ಬ್ಯಾ ಎನ್ನಬೇಕಾದಾಗ ಬಾಯಿ ಬಿಡುವುದಿಲ್ಲ, ಸಭಾಪಾಲಕರು ಬಂದು ಪ್ರಾರ್ಥನೆ ಶುರು ಮಾಡಿದಾಗ ಬ್ಯಾ ಅಂದ. ಆಮೆನ್ ಆಗುವವರೆಗೂ ನಿಲ್ಲಿಸಲಿಲ್ಲ.

ಮೂವರು ಕುರುಬರದು ದೊಡ್ಡ ತಲೆನೋವು. ಓಡಿ ಬರುತ್ತಾರೆ, ಮಗು ಮಲಗುವ ಗೋದಲಿಯ ಮುಂದೆ ಮೊಣಕಾಲೂರುತ್ತಾರೆ, ಆಮೇಲೆ ಬಾಯಿಗೆ ಬೀಗ. ಟೀಚರ್ ಮೂಲೆಯಿಂದ ಮಾತು ಹೇಳಿಕೊಟ್ಟರೂ ಒಬ್ಬರನ್ನೊಬ್ಬರು ನೋಡಿಕೊಂಡು ನಗುತ್ತಾರೆ. ಕೊನೆಗೆ ಪೋಸ್ಟ್‌ಮ್ಯಾನಿನ ಮಗಳಿಗೆ ಸಿಟ್ಟು ಬಂತು. ಮರಿಯಳು ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ಏಯ್, ಹೇಳ್ರೋ. ದೇವದೂತರು ಬಂದಿದ್ದು ನಿಮ್ಮ ಹೊಲಕ್ಕೆ. ನಾನು ಇಲ್ಲಿ ಮಲಗಿದ್ದೆ. ನಂಗೇನೂ ಕಾಣಿಸಿಲ್ಲ. ನೋಡಿದವರು ನೀವು, ನೀವೇ ಹೇಳ್ಬೇಕು."

ದೊಡ್ಡ ಕುರುಬ ತಲೆ ಕೆರೆದುಕೊಂಡು, "ತುಂಬಾ ಬೆಳಕಿತ್ತು," ಅಂದ.

"ಎಷ್ಟು?"

"ಬಸ್ಸಿನ ಲೈಟ್ ಕಣ್ಣಿಗೆ ಬಿದ್ದಂಗೆ. ನಾವು ಹೆದರ್ಕೊಂಡ್ವಿ."

"ಆಮೇಲೆ?"

"ಆಮೇಲೆ ಹಾಡು."

"ಹಾಂ. ಇನ್ನೂ ಹೇಳು," ಅಂದಳು, ಗೊಂಬೆಯನ್ನು ತೊಡೆ ಮೇಲೆ ಸರಿಮಾಡಿಕೊಂಡು. ನಾಟಕದ ಮಾತುಗಳೇ ಅಲ್ಲ ಅವು. ಟೀಚರ್ ತಡೆಯಲಿಲ್ಲ.

ಅದೂ ನಿಜ. ಆಕಾಶ ತೆರೆದದ್ದು ಹೆತ್ತವಳಿಗೆ ಕಾಣಲೇ ಇಲ್ಲ. ಬೇರೆಯವರು ಬಂದು ಹೇಳಬೇಕಾಯಿತು. ಅವಳು ಕೇಳಿಸಿಕೊಂಡು ಮನಸ್ಸಿನಲ್ಲಿ ಇಟ್ಟುಕೊಂಡಳು. ಅವರು ಹೇಳದೆ ಕುರಿ ಕಾಯಲು ವಾಪಸು ಹೋಗಿದ್ದರೆ ಅವಳ ಹತ್ತಿರ ಏನಿರುತ್ತಿತ್ತು? ಒದ್ದೆ ಹುಲ್ಲು, ನೋವು, ಅಷ್ಟೇ.

ಮನೆಗೆ ಬಂದು ಮೊಟ್ಟೆ ಬೇಯಿಸಲು ಇಟ್ಟು ಮರೆತೆ. ನೀರೆಲ್ಲ ಆರಿ ಪಾತ್ರೆ ಸೀದುಹೋಯಿತು.

ಡಿಸೆಂಬರ್ 21, ಭಾನುವಾರ

ಅಳಿಯ ಹೊರಗೆ ಕಾಯುತ್ತಿದ್ದ.

"ಅತ್ತೆ, ಬುಧವಾರ ನಾಟಕಕ್ಕೆ ಅವಳು ಬರಲ್ಲ ಅಂದ್ಲು. ಕ್ರಿಸ್ಮಸ್ ದಿನದ ಆರಾಧನೆಗೂ ಬರಲ್ಲಂತೆ. ತೊಟ್ಟಿಲು, ಮಗು, ಅದೇ ಹಾಡು. ಕೂರೋಕಾಗಲ್ಲ ಅಂತಾಳೆ."

"ಬಲವಂತ ಮಾಡ್ಬೇಡಿ," ಅಂದೆ.

"ಮಾಡಿಲ್ಲ." ಸ್ವಲ್ಪ ಹೊತ್ತು ಸ್ಪ್ಯಾನರ್ ತಿರುಗಿಸುವವನ ಹಾಗೆ ಕೈ ಹೊಸೆದುಕೊಂಡ. "ಮನೇಲಿ ನಾವು ಅದರ ವಿಷಯ ಮಾತಾಡಲ್ಲ ಅತ್ತೆ. ಮಾತಾಡೋಕೆ ಏನಿದೆ? ಇಬ್ಬರಿಗೂ ಏನೂ ಗೊತ್ತಿಲ್ಲ."

ಅವನ ತೋಳು ಮುಟ್ಟಿ ಬಂದೆ.

ಇವತ್ತು ಕೊನೆಯ ಹಾಡಿನಲ್ಲಿ ದರ್ಜಿಯ ಹೆಂಡತಿ ತಿರುಗಿ ತಿರುಗಿ ನನ್ನನ್ನೇ ನೋಡಿದಳು. ಜೋರಾಗಿ ಹಾಡಿದೆನೋ ಏನೋ.

ಡಿಸೆಂಬರ್ 24, ಬುಧವಾರ

ಸಂಜೆ ಐದಕ್ಕೆ ನಾಟಕ. ಹಾಲಿನ ತುಂಬ ಜನ. ನಾನು ಬದಿಯಲ್ಲಿ, ಮಕ್ಕಳಿಗೆ ಬಟ್ಟೆ ತೊಡಿಸುವ ಜಾಗದಲ್ಲಿ ನಿಂತಿದ್ದೆ.

ಯೋಸೇಫನ ಗಡ್ಡ ಒಂದು ಕಿವಿಯಿಂದ ನೇತಾಡುತ್ತಿತ್ತು. ಕುರಿ ನಿದ್ದೆ ಹೋಗಿದ್ದ, ಅದರಿಂದ ಎಲ್ಲರಿಗೂ ಅನುಕೂಲವಾಯಿತು. ಮರಿಯಳು ಗೊಂಬೆಯನ್ನು ಸುತ್ತಿದಳು. ಎಡ ಮೂಲೆ, ಕಾಲಿನದು, ಬಲ ಮೂಲೆ. ನಾಲಿಗೆ ಹೊರಗೆ ಹಾಕಿಕೊಂಡು ಅಚ್ಚುಕಟ್ಟಾಗಿ. ನಮ್ಮ ವಾರ್ಡಿನಲ್ಲಿ ಹೊಸದಾಗಿ ಸೇರಿದ ಹುಡುಗಿಯರಿಗೆ ತಿಂಗಳಾದರೂ ಅಷ್ಟು ಬಿಗಿ ಬರುವುದಿಲ್ಲ.

ಅದನ್ನು ಗೋದಲಿಯಲ್ಲಿ ಮಲಗಿಸಿ ಅವಳು ಹಾಡು ಶುರು ಮಾಡಬೇಕಿತ್ತು. ಮಲಗಿಸಲಿಲ್ಲ. ಎತ್ತಿ ಹಿಡಿದು ಮುಖ ನೋಡುತ್ತಾ ಕೂತಳು. ಟೀಚರ್ "ಮುಂದೆ, ಮುಂದೆ" ಎಂದು ಪಿಸುಗುಟ್ಟಿದಳು.

"ಇರಿ ಟೀಚರ್, ನೋಡ್ತಾ ಇದೀನಿ," ಅಂದಳು, ಇಡೀ ಹಾಲಿಗೆ ಕೇಳುವ ಹಾಗೆ.

ಜನ ನಕ್ಕರು. ಅವಳು ನೋಡುತ್ತಲೇ ಇದ್ದಳು. ಆಮೇಲೆ ನಗು ನಿಂತಿತು.

ನನ್ನ ಕೈಯಿಂದಲೇ ಎಷ್ಟೋ ಸಲ ಹಾದುಹೋದ ಗೊಂಬೆ. ಎಡ ಕಣ್ಣಿನ ಬಣ್ಣ ಹೋಗಿದೆ. ಅದೂ ಗೊತ್ತು. ಆದರೂ ಕತ್ತು ಚಾಚಿ ನೋಡಿದೆ. ಇದಾನಾ ಎಂದು. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಹಾಗೇ ನೋಡುತ್ತಿದ್ದೆ. ಗೋದಲಿಯ ಮಗು ಈಗ ಕಣ್ಣು ಬಿಡುತ್ತದೆ, ಈಗ ಬಿಡುತ್ತದೆ ಎಂದು. ಅದು ಮರೆತೇ ಹೋಗಿತ್ತು.

ಅಷ್ಟು ದೊಡ್ಡ ದೇವರು, ಎರಡು ಕೈಯಲ್ಲಿ ಹಿಡಿಯುವಷ್ಟಾಗಿ ಬಂದ. ಕತ್ತಿಗೆ ಕೈ ಆಸರೆ ಕೊಡದಿದ್ದರೆ ತಲೆ ವಾಲುವಷ್ಟು. ಯಾರಾದರೂ ನೋಡಲಿ ಎಂದೇ ಇರಬೇಕು.

ನಾಳೆ ಆರಾಧನೆ ಮುಗಿದ ಮೇಲೆ ಮಗಳ ಮನೆಗೆ ಹೋಗುತ್ತೇನೆ. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ.

ಡಿಸೆಂಬರ್ 25, ಗುರುವಾರ

ಬಾಗಿಲು ತೆಗೆದಳು. ತಲೆ ಬಾಚಿರಲಿಲ್ಲ. ಅಳಿಯ ಅಡುಗೆಮನೆಯಲ್ಲಿದ್ದ.

"ಹ್ಯಾಪಿ ಕ್ರಿಸ್ಮಸ್ ಅಂತ ಹೇಳೋಕೆ ಬಂದಿದ್ರೆ ಬೇಡಮ್ಮ," ಅಂದಳು.

"ಅದಕ್ಕಲ್ಲ. ಜೂನ್‌ನಲ್ಲಿ ನೀನು ಒಂದು ಕೇಳಿದ್ದೆ. ಹೇಳೋಕೆ ಬಂದೆ."

ಅವಳಿಗೆ ತಕ್ಷಣ ಗೊತ್ತಾಯಿತು. ಹಿಂದಕ್ಕೆ ಸರಿದು ಮಂಚದ ತುದಿಯಲ್ಲಿ ಕೂತಳು.

"ಆರು ತಿಂಗಳು ನಿನಗೆ ಬಾಯಿರ್ಲಿಲ್ವಾ?"

"ಇರ್ಲಿಲ್ಲ."

"ನನ್ನ ಮಗು. ನೀನೊಬ್ಬಳೇ ನೋಡಿ ಇಟ್ಕೊಂಡೆ."

"ಹೌದು. ತಪ್ಪು ಮಾಡ್ದೆ. ನಿನ್ನ ಕೈಗೆ ಕೊಡಬೇಕಿತ್ತು. ಕೊಡ್ಲಿಲ್ಲ."

ಇನ್ನೂ ಬೈಯುತ್ತಾಳೆ ಎಂದು ಕಾದೆ. ಅವಳು ಗೋಡೆ ಕಡೆ ನೋಡುತ್ತಾ, "ಹೇಳು," ಅಂದಳು.

ಹೇಳಿದೆ. ಕೂದಲು ತುಂಬಾ ಇತ್ತು, ಕಪ್ಪಗೆ, ಒದ್ದೆಯಾಗಿ ಕುತ್ತಿಗೆಯವರೆಗೆ. ಎಡಗಿವಿಯ ಅಂಚು ಒಳಕ್ಕೆ ಮಡಿಸಿಕೊಂಡಿತ್ತು, ನಾನು ಬೆರಳಿನಿಂದ ಬಿಡಿಸಿದೆ, ಮತ್ತೆ ಮಡಿಸಿಕೊಂಡಿತು. ಮೇಲಿನ ತುಟಿ ನಿನ್ನದೇ. ಸಿಟ್ಟು ಬಂದಾಗ ನೀನು ಮುಂದಕ್ಕೆ ಮಾಡುತ್ತೀಯಲ್ಲ, ಹಾಗೆ. ಉಗುರು ಉದ್ದ ಬೆಳೆದಿತ್ತು. ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟುಕೊಂಡಿದ್ದ.

"ನೋವಾದ ಹಾಗೆ ಇತ್ತಾ ಮುಖ?"

"ಇಲ್ಲ. ನನ್ನಾಣೆ. ಏನೋ ಯೋಚನೆ ಮಾಡ್ತಾ ಮಲಗಿದವನ ಥರ. ಹುಬ್ಬು ಸ್ವಲ್ಪ ಎತ್ತಿತ್ತು."

"ಚೆನ್ನಾಗಿದ್ನಾ?"

"ಇಪ್ಪತ್ತೆರಡು ವರ್ಷ ಮಕ್ಕಳನ್ನ ನೋಡಿದೀನಿ. ಹುಟ್ಟಿದ ಕೂಡಲೇ ಎಲ್ಲ ಮುದುಕರ ಥರಾನೇ ಇರ್ತವೆ. ಇವನು ಚೆನ್ನಾಗಿದ್ದ."

ಅವಳು ಅತ್ತಳು. ಆಗ ನನಗೂ ಗೊತ್ತಾಯಿತು, ಅವನನ್ನು ನೋಡಿದ ಆ ಅರ್ಧ ನಿಮಿಷ ನನಗೆ ದುಃಖ ಆಗಿರಲೇ ಇಲ್ಲ. ಎಷ್ಟು ಚೆಂದ ಇದಾನೆ ಎಂದು ಬೆರಗಾಗಿ ನಿಂತಿದ್ದೆ. ದುಃಖ ಬಂದದ್ದು ಮುಖ ಮುಚ್ಚಿದ ಮೇಲೆ. ಇದನ್ನೂ ಅವಳಿಗೆ ಹೇಳಿದೆ.

"ಮೊದಲಿಂದ ಹೇಳು," ಅಂದಳು.

ಮತ್ತೆ ಹೇಳಿದೆ. ಎರಡನೇ ಸಲ ಕೆನ್ನೆಯ ಮೇಲಿದ್ದ ಸಣ್ಣ ಬಿಳಿ ಚುಕ್ಕೆಗಳು ನೆನಪಾದವು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಸೀಯುತ್ತಿತ್ತು. ಅಳಿಯ ಬಾಗಿಲಲ್ಲಿ ನಿಂತುಬಿಟ್ಟಿದ್ದ, ಕೈಯಲ್ಲಿ ಚಹಾ ಸೋಸುವ ಜರಡಿ.

"ಬಾ," ಅಂದಳು ಮಗಳು ಅವನಿಗೆ. "ಅಮ್ಮ, ಇವರಿಗೂ ಹೇಳು."

ಮೂರನೇ ಸಲ ಹೇಳಿದೆ.

ಡಿಸೆಂಬರ್ 26, ಶುಕ್ರವಾರ

ಬೆಳಿಗ್ಗೆ ಬಟ್ಟೆ ಕೋಣೆಯಲ್ಲಿದ್ದಾಗ ಮಗಳ ಫೋನು. ತಾನಾಗಿಯೇ ಮಾಡಿದ್ದಳು.

"ಅಮ್ಮ, ಕಾಲ್ಬೆರಳು ಯಾರ ಥರ ಇತ್ತು?"

ನೆನಪು ಮಾಡಿಕೊಂಡೆ. ಕಾಲಿನ ಮೂಲೆಯನ್ನು ಬೇಗ ಮಡಿಸಿಬಿಟ್ಟಿದ್ದೆ. "ನೋಡ್ಲಿಲ್ಲ ಕಣೆ," ಅಂದೆ. ಸುಳ್ಳು ಹೇಳಬಹುದಿತ್ತು.

"ನನ್ನ ಥರಾನೇ ಇರ್ಬೇಕು. ಎರಡನೇ ಬೆರಳು ಉದ್ದ."

"ಇದ್ರೂ ಇರ್ಬೇಕು."

"ಇವರದ್ದಾದ್ರೆ ಎಲ್ಲ ಬೆರಳೂ ಒಂದೇ ಅಳತೆ. ಇವರು ಪಕ್ಕದಲ್ಲೇ ಇದಾರೆ, ನೋಡು ಅಂತ ಕಾಲು ತೋರಿಸ್ತಿದಾರೆ." ಹಿಂದೆ ಅಳಿಯನ ನಗು ಕೇಳಿಸಿತು.

ಹೆಡ್ ಸಿಸ್ಟರಿಗೆ ಜನವರಿಯಿಂದ ವಾರ್ಡಿಗೆ ಬರುತ್ತೇನೆ ಎಂದು ಹೇಳಿ ಬಂದೆ. ಬೆಳಿಗ್ಗೆ ಪಾಳಿ ಆದರೆ ಒಳ್ಳೆಯದು ಅಂದೆ.

ಮಧ್ಯಾಹ್ನ ಟವೆಲು ಮಡಿಸುವಾಗ ಒಂದು ಯೋಚನೆ ಬಂತು. ಗೋದಲಿಯ ಮಗುವಿನ ಕಾಲ್ಬೆರಳು ಯಾರ ಥರ ಇದ್ದವೋ. ಅದನ್ನು ಯಾರೂ ಬರೆದಿಟ್ಟಿಲ್ಲ. ಮರಿಯಳಂತೂ ಎಣಿಸಿರುತ್ತಾಳೆ, ಎಣಿಸದ ತಾಯಿಯನ್ನು ನಾನು ಕಂಡಿಲ್ಲ. ಭಾನುವಾರ ಪೋಸ್ಟ್‌ಮ್ಯಾನಿನ ಮಗಳನ್ನು ಕೇಳಬೇಕು. ಅವಳು ಯೋಚನೆ ಮಾಡಿಟ್ಟಿರುತ್ತಾಳೆ.